ಬಾಣಂತಿ ಕೋಣೆಗೊಂದು ಎಸಿ

ಹನಕೆರೆಯ ಹೊನ್ನಯ್ಯ ಸುಳ್ಳು ಹೇಳುವ ಮನುಷ್ಯನಲ್ಲ. ಊರಿನ ಹಾಲಿನ ಡೈರಿಗೆ ಕಾರ್ಯದರ್ಶಿಯಾದ ಮೇಲೆ, ನೀರು ಬೆರೆಸಿದ ಹಾಲನ್ನು ನೀರು ಬೆರೆಸಿದ ಹಾಲೆಂದೇ ಮುಖಕ್ಕೆ ಹೇಳಿ, ಅರ್ಧ ಊರಿನ ಜೊತೆ ಮಾತು ಬಿಟ್ಟುಕೊಂಡವನು. ಅಂಥವನ ಬಾಯಿಂದ ಆ ಮಾತು ಹೇಗೆ ಉದುರಿತೋ ಅವನಿಗೇ ತಿಳಿಯಲಿಲ್ಲ. ಎಲ್ಲಾ ಸೆಕೆಯ ಪ್ರಭಾವ ಎಂದು ಆಮೇಲೆ ವಾದಿಸಿದ. ಆ ವರ್ಷದ ಸೆಕೆಯನ್ನು ಕಂಡವರು ಯಾರೂ ಆ ವಾದವನ್ನು ತಳ್ಳಿಹಾಕುವಂತಿರಲಿಲ್ಲ.

ನಾಲೆಗಿಳಿದ ಎಮ್ಮೆಗಳು ಮೇಲೇಳಲು ಒಪ್ಪುತ್ತಿರಲಿಲ್ಲ. ಕೋಳಿಗಳು ಕೊಕ್ಕು ತೆರೆದುಕೊಂಡೇ ಓಡಾಡುತ್ತಿದ್ದವು. ಊರಿನಲ್ಲಿ ತಣ್ಣಗಿದ್ದ ವಸ್ತುವೆಂದರೆ ಡೈರಿಯ ಹಾಲಿನ ಟ್ಯಾಂಕು ಒಂದೇ. ಅದನ್ನು ಮಧ್ಯಾಹ್ನದ ಹೊತ್ತು ತಬ್ಬಿಕೊಂಡು ನಿಲ್ಲುವ ಹಕ್ಕು ಕಾರ್ಯದರ್ಶಿಗೆ ಮಾತ್ರ ಇತ್ತು. ಹೊನ್ನಯ್ಯ ಹಾಗೆ ಕೆನ್ನೆಯನ್ನು ಟ್ಯಾಂಕಿಗೆ ಒತ್ತಿಕೊಂಡು ನಿಂತಿದ್ದಾಗಲೇ ಮಳವಳ್ಳಿಯಿಂದ ಬೀಗತಿಯ ಫೋನು ಬಂತು.

ಬೀಗತಿ ಶಶಿರೇಖಾ ಮೇಷ್ಟ್ರ ಕೆಲಸದಿಂದ ನಿವೃತ್ತಿಯಾದವರು. ಅವರ ಮಗ ಶಿವರಾಜುವಿಗೇ ಹೊನ್ನಯ್ಯ ತನ್ನ ಒಬ್ಬಳೇ ಮಗಳು ಶ್ವೇತಳನ್ನು ಕೊಟ್ಟಿದ್ದ. ಶ್ವೇತ ಈಗ ತುಂಬಿದ ಬಸುರಿ. ಹೂ ಮುಡಿಸುವ ಶಾಸ್ತ್ರ ಮುಗಿದಿತ್ತು. ಚೊಚ್ಚಲ ಹೆರಿಗೆ, ಬಾಣಂತನ ತವರಿನಲ್ಲೇ ಆಗಬೇಕೆಂದು ಹೊನ್ನಯ್ಯನ ಮನೆಯಲ್ಲಿ ಹರಳೆಣ್ಣೆ, ಸಾಂಬ್ರಾಣಿ, ಅಟ್ಟದಿಂದ ಇಳಿಸಿ ತೊಳೆದ ತೊಟ್ಟಿಲು ಎಲ್ಲಾ ಸಿದ್ಧವಾಗಿ, ಕರೆದುಕೊಂಡು ಬರುವುದೊಂದೇ ಬಾಕಿ ಇತ್ತು.

"ಬೀಗ್ರೇ, ಶ್ವೇತನ್ನ ಈ ಬಿಸಿಲಲ್ಲಿ ನಿಮ್ಮೂರಿಗೆ ಕಳಿಸೋದು ಬೇಡ ಅಂದ್ಕೊಂಡಿದ್ದೀನಿ," ಎಂದರು ಶಶಿರೇಖಾ. "ನಿಮ್ಮನೆ ತಾರಸಿ ಮೇಲೆ ರೊಟ್ಟಿ ಹಾಕಿದ್ರೆ ಬೇಯುತ್ತೆ. ಹೋದ್ವರ್ಷ ನಾನೇ ಬಂದು ಬೆಂದು ಹೋಗಿದ್ದೀನಿ. ಇಲ್ಲಿ ಎಸಿ ಇದೆ, ಬಾಣಂತನ ಇಲ್ಲೇ ಆಗಲಿ."

"ಮೇಡಮ್ಮೋರೆ, ಚೊಚ್ಚಲು ತವರಲ್ಲೇ ಆಗೋದು ಪದ್ಧತಿ ಅಲ್ವಾ?"

"ಪದ್ಧತಿಗೆ ಸೆಕೆ ಆಗಲ್ಲ ಬೀಗ್ರೇ, ಹುಡುಗಿಗೆ ಆಗುತ್ತೆ."

ಮಗಳು ಮದುವೆಯಾಗಿ ಹೋದ ಮೇಲೆ ಹಬ್ಬಕ್ಕೆ ಬಂದರೂ ಸಂಜೆ ಬಸ್ಸಿಗೆ ಹೊರಟುಬಿಡುತ್ತಿದ್ದಳು. ಬಾಣಂತನಕ್ಕೆ ಬಂದರೆ ಕೆಲವು ತಿಂಗಳಾದರೂ ಕಣ್ಣ ಮುಂದೆ ಇರುತ್ತಾಳೆ ಎಂದು ಗಂಡ ಹೆಂಡತಿ ಕಾದು ಕುಳಿತಿದ್ದರು. ಅದೂ ತಪ್ಪಿಹೋಗುವ ಗಾಬರಿಯಲ್ಲಿ ಹೊನ್ನಯ್ಯನ ನಾಲಿಗೆ ಅವನನ್ನು ಕೇಳದೆ ಹೊರಟಿತು.

"ನಮ್ಮನೇಲೂ ಎಸಿ ಐತೆ ಮೇಡಮ್ಮೋರೆ."

"ಯಾವಾಗ ಹಾಕ್ಸಿದ್ರಿ?"

"ಮೊನ್ನೆ."

"ಯಾವ ಕೋಣೆಗೆ?"

"ಬಾಣಂತಿ ಕೋಣೆಗೇ."

"ಒಳ್ಳೇದಾಯ್ತು. ಬರೋ ಶುಕ್ರವಾರ ನಾನೇ ಬಂದು ನೋಡ್ತೀನಿ. ಕೋಣೆ ತಣ್ಣಗಿದ್ರೆ ಕಳಿಸ್ತೀನಿ, ಇಲ್ದಿದ್ರೆ ಇಲ್ಲ."

ಜೀವಮಾನವಿಡೀ ಮಕ್ಕಳ ಹೋಂವರ್ಕನ್ನು ತಾನೇ ಕಣ್ಣಾರೆ ನೋಡದೆ ನಂಬದ ಹೆಂಗಸು ಅವರು. ಹೊನ್ನಯ್ಯ ಫೋನಿಟ್ಟು ಮತ್ತೆ ಟ್ಯಾಂಕನ್ನು ತಬ್ಬಿಕೊಂಡ. ಈ ಸಲ ಅದೂ ಬೆಚ್ಚಗಿದ್ದಂತೆ ತೋರಿತು.

ಮನೆಯಲ್ಲಿ ಹೆಂಡತಿ ಮಲ್ಲಿಗಮ್ಮ ಎಲ್ಲವನ್ನೂ ಕೇಳಿ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದಳು. "ಏಳಿದ್ದು ಏಳಿದ್ರಿ, ಕೂಲರ್ ಅಂತಾದ್ರೂ ಏಳ್ಬಾರ್ದಿತ್ತಾ? ಅದಾದ್ರೆ ಯಾರ್ ಮನೆಯಿಂದಾದ್ರೂ ಈಸ್ಕಂಡು ಮಡಗಬೋದಿತ್ತು."

ಸುಳ್ಳು ಹೇಳಿ ಅಭ್ಯಾಸವಿಲ್ಲದವರ ಪಾಡೇ ಹೀಗೆ. ಹೇಳಿದರೆ ದೊಡ್ಡದನ್ನೇ ಹೇಳಿ ಸಿಕ್ಕಿಹಾಕಿಕೊಳ್ಳುತ್ತಾರೆ.

ಮಾರನೆಯ ಬೆಳಿಗ್ಗೆಯೇ ಹೊನ್ನಯ್ಯ ಮದ್ದೂರಿಗೆ ಹೋದ. ಅಲ್ಲಿ ಅಂಬರೀಶ್ ಎಂಬ ಹುಡುಗ ಫ್ಯಾನು, ಫ್ರಿಜ್ಜು, ಎಸಿ ಮಾರುವ ಅಂಗಡಿ ಇಟ್ಟಿದ್ದ. ಅಂಗಡಿಯಲ್ಲಿ ಅವನೇ ಒಂದು ರಟ್ಟಿನ ತುಂಡಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದ.

"ಎಸಿ ಎಲ್ಲಾ ಖಾಲಿ ಆಗೋಯ್ತು ಕಣಣ್ಣ," ಎಂದ. "ನಂಗೇ ಅಂತ ಮಡಗಿದ್ದ ಟೇಬಲ್ ಫ್ಯಾನನ್ನೂ ನೆನ್ನೆ ಒಬ್ರು ಕಿತ್ಕಂಡೋದ್ರು. ಒಂದು ಎಸಿಯ ಆಚೆ ಪೆಟ್ಗೆ ಮಾತ್ರ ಬಂದದೆ. ಒಳಗಡೇದು ಲಾರೀಲಿ ಎಲ್ಲೋ ಸಿಕ್ಕಾಕ್ಕಂಡದೆ."

"ತಣ್ಣಗೆ ಮಾಡೋದು ಯಾವ್ದು, ಆಚೇದಾ ಒಳಗಡೇದಾ?"

"ಎರಡೂ ಸೇರ್ಕಂಡು ಮಾಡ್ತವೆ. ಒಂದೇ ಇದ್ರೆ ಎತ್ತಿಲ್ದ ಗಾಡಿ."

ಹೊನ್ನಯ್ಯ ಗಂಭೀರವಾಗಿ ಯೋಚಿಸಿದ. "ಬೀದಿಗೆ ಕಾಣೋದು ಯಾವ್ದು?"

"ಆಚೇದು."

"ಅದ್ನೇ ಮೊದ್ಲು ಮಡಗು ಬಾ."

ಅಂದು ಸಂಜೆ ಹೊನ್ನಯ್ಯನ ಮನೆಯ ಬೀದಿ ಗೋಡೆಗೆ, ಜಗಲಿಯ ನೆತ್ತಿಯ ಮೇಲೆ, ಹನಕೆರೆಯ ಆ ಬೀದಿ ಹಿಂದೆಂದೂ ಕಾಣದಂಥ ಒಂದು ಬಿಳೀ ಪೆಟ್ಟಿಗೆ ಏರಿತು. ಏಣಿ ಇಳಿಯುವ ಮುಂಚೆಯೇ ಬೀದಿಯೆಲ್ಲಾ ಜಗಲಿಯ ಮುಂದೆ ನೆರೆದಿತ್ತು. ಎದುರು ಮನೆಯ ಚೌಡಯ್ಯ ತನ್ನ ಮಂಚವನ್ನೇ ಎಳೆದುಕೊಂಡು ಬಂದು ಪೆಟ್ಟಿಗೆಯ ಕೆಳಗೆ ಹಾಕಿ ಮಲಗಿ ಕಣ್ಣು ಮುಚ್ಚಿದ.

"ವಸಿ ತಣ್ಣಗೆ ಬತ್ತಾ ಅದೆ ಕಣ್ರಲಾ," ಎಂದ.

ಉಳಿದವರೂ ಮುಖವೆತ್ತಿ ನಿಂತರು. ದಿಟ, ವಸಿ ತಣ್ಣಗೆ ಬರುತ್ತಿದೆ ಎಂದು ಎಲ್ಲರೂ ಒಪ್ಪಿದರು. ಪೆಟ್ಟಿಗೆಗೆ ಇನ್ನೂ ವೈರನ್ನೇ ಸಿಕ್ಕಿಸಿಲ್ಲವೆಂದು ಹೇಳುವ ಧೈರ್ಯ ಹೊನ್ನಯ್ಯನಿಗೆ ಆಗಲಿಲ್ಲ. ಅಷ್ಟೇ ಅಲ್ಲ, ಸ್ವಲ್ಪ ಹೊತ್ತಿಗೆ ಅವನಿಗೂ ನೆತ್ತಿ ತಂಪಾದಂತೆ ಅನ್ನಿಸಿತು.

"ಒನ್ನಣ್ಣ, ಆಚೆಗೇ ಇಷ್ಟು ಬಂದ್ರೆ ಒಳಗೆ ಎಷ್ಟಿರ್ಬೇಕು. ನಡಿ, ಒಳಗೆ ಕುಂತ್ಕಳವಾ," ಎಂದು ಚೌಡಯ್ಯ ಎದ್ದ.

"ಒಳಗಡೇದು ಇನ್ನೂ ಆನ್ ಮಾಡಂಗಿಲ್ಲ ಕಣ್ಲಾ. ಪೂಜೆ ಆಗಿಲ್ಲ. ಸುಕ್ರುವಾರ."

ಈ ಮಾತಿಗೆ ಯಾರೂ ಎದುರಾಡಲಿಲ್ಲ. ನಮ್ಮ ಸೀಮೆಯಲ್ಲಿ ಟ್ರ್ಯಾಕ್ಟರಾಗಲಿ, ಪಂಪ್‌ಸೆಟ್ಟಾಗಲಿ, ಮಗಳ ಮನೆಯಿಂದ ಬಂದ ಹಳೇ ಮಿಕ್ಸಿಯಾಗಲಿ, ನಿಂಬೆಹಣ್ಣು ಕಾಣದೆ ಚಾಲೂ ಆಗುವಂತಿಲ್ಲ. ಆದರೂ ಬೀದಿಯ ಹೆಂಗಸರು ಶುಕ್ರವಾರದವರೆಗೆ ಕಾಯದೆ ಒಬ್ಬ ಹುಡುಗನನ್ನು ಏಣಿ ಹತ್ತಿಸಿ ಪೆಟ್ಟಿಗೆಗೆ ಅರಿಶಿನ ಕುಂಕುಮ ಇಡಿಸಿದರು.

ಅಲ್ಲಿಗೆ ಎಲ್ಲಾ ಸುಸೂತ್ರವಾಗಿತ್ತು. ಆದರೆ ಆ ಸಂಜೆ ಕರೆಂಟು ಹೋಯಿತು.

ಬೇಸಿಗೆಯಲ್ಲಿ ಕರೆಂಟು ಹೋಗುವುದು ಹೊಸದೇನಲ್ಲ. ಇಷ್ಟು ವರ್ಷ ಕರೆಂಟು ಹೋದರೆ ಜನ ಮೇಲಿನವರನ್ನು ಬೈದು ಸುಮ್ಮನಾಗುತ್ತಿದ್ದರು. ಮೇಲಿನವರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಈಗ ಮೇಲೆ, ಕಣ್ಣಿಗೆ ಕಾಣುವಂತೆ, ಕುಂಕುಮ ಇಟ್ಟುಕೊಂಡು ಒಂದು ಪೆಟ್ಟಿಗೆ ಕೂತಿತ್ತು.

"ಒನ್ನಣ್ಣ ಕದ್ದು ಎಸಿ ಹಾಕ್ದ ಕಣ್ಲಾ," ಎಂದ ಚೌಡಯ್ಯ ಕತ್ತಲಲ್ಲಿ.

ಮರುದಿನದಿಂದ ಬೀದಿಯ ಸಕಲ ಕಷ್ಟಕ್ಕೂ ಆ ಪೆಟ್ಟಿಗೆ ಹೊಣೆಯಾಯಿತು. ಒಬ್ಬಳ ಚಟ್ನಿ ಅರ್ಧಕ್ಕೆ ನಿಂತಿತು. ಇನ್ನೊಬ್ಬಳ ಧಾರಾವಾಹಿಯಲ್ಲಿ ಸೊಸೆ ವಿಷದ ಲೋಟ ತುಟಿಗಿಟ್ಟ ಕ್ಷಣದಲ್ಲೇ ಟಿವಿ ಆರಿಹೋಗಿ, ಕುಡಿದಳೋ ಇಲ್ಲವೋ ತಿಳಿಯದೆ ಮನೆಯವರೆಲ್ಲಾ ಊಟ ಬಿಟ್ಟರು. ಚೌಡಯ್ಯನ ಪಂಪ್‌ಸೆಟ್ಟು ಸುಟ್ಟಿತು. ಅದು ಹೋದ ತಿಂಗಳೇ ಸುಟ್ಟಿದ್ದು ಎಂದು ಅವನ ಹೆಂಡತಿ ನೆನಪಿಸಿದರೂ, ಎಸಿ ಬರುವುದು ಅದಕ್ಕೆ ಮೊದಲೇ ಗೊತ್ತಾಗಿತ್ತೆಂದು ಅವನು ವಾದಿಸಿದ. ಕೊನೆಗೆ ಎಲ್ಲರೂ ಸೇರಿ ಲೈನ್‌ಮನ್ ರವಿಚಂದ್ರನನ್ನು ಕರೆಸಿದರು.

ರವಿಚಂದ್ರ ಬೀದಿಯ ಜನರೆದುರು ಏಣಿ ಹತ್ತಿ ಪೆಟ್ಟಿಗೆಯ ಹಿಂದೆ ಇಣುಕಿದ. ವೈರಿನ ತುದಿ ಪ್ಲಾಸ್ಟಿಕ್ ಸುತ್ತಿಕೊಂಡು ಗಾಳಿಯಲ್ಲಿ ನೇತಾಡುತ್ತಿತ್ತು. ಅವನು ಹೊನ್ನಯ್ಯನನ್ನು ನೋಡಿದ. ಕೆಳಗೆ ನಿಂತಿದ್ದ ಹೊನ್ನಯ್ಯ ಯಾರಿಗೂ ಕಾಣದಂತೆ ಎದೆಯ ಹತ್ತಿರ ಕೈ ಜೋಡಿಸಿದ.

ರವಿಚಂದ್ರ ನಿಧಾನವಾಗಿ ಇಳಿದ. "ಭಾರೀ ಎಸಿ ಕಣ್ರಪ್ಪ," ಎಂದ ಜನರಿಗೆ. "ಸಿಕ್ಕಾಪಟ್ಟೆ ಎಳೀತದೆ. ಇನ್ಮ್ಯಾಕೆ ನೋಡ್ಕಂಡು ಹಾಕ್ತಾರೆ ಬುಡಿ." ಆಮೇಲೆ ಒಳಗೆ ಬಂದು ಮಜ್ಜಿಗೆ ಕುಡಿಯುತ್ತಾ ತಗ್ಗಿದ ದನಿಯಲ್ಲಿ, "ಒನ್ನಣ್ಣ, ಕರೆಂಟೇ ಮುಟ್ದೆ ಇರೋ ಎಸಿ ಮೇಲೆ ಕಂಪ್ಲೇಂಟು ಬಂದದ್ದು ನನ್ ಸರ್ವೀಸಲ್ಲಿ ಇದೇ ಮೊದ್ಲು. ಆಮೇಲೆ ನೋಡು, ಪೆಟ್ಗೆ ಹಿಂದೆ ಗುಬ್ಬಿ ಹುಲ್ಲು ತಂದು ಮಡಗ್ತಾ ಅದೆ," ಎಂದ.

ಗುಬ್ಬಿಯ ವಿಚಾರ ಹೊನ್ನಯ್ಯನ ಕಿವಿಗೆ ಬೀಳಲಿಲ್ಲ. ಇಡೀ ಬೀದಿಯೇ ತನ್ನನ್ನು ಬೈಯುತ್ತಿದೆಯಲ್ಲಾ ಎಂಬ ಸಂತೋಷದಲ್ಲಿದ್ದ. ಇಷ್ಟು ಜನ ನಂಬಿ ಬೈದ ಮೇಲೆ ಬೀಗತಿ ನಂಬದೆ ಇರುತ್ತಾರೆಯೇ?

ಇದನ್ನು ಒಪ್ಪದಿದ್ದವರೆಂದರೆ ಮನೆಯಲ್ಲೇ ಇದ್ದ ಅವನ ತಾಯಿ ಚಿಕ್ಕಬೋರಮ್ಮ ಒಬ್ಬರೇ. ಬೆನ್ನು ಬಾಗಿದರೂ ದನಿ ಬಾಗದ ಮುದುಕಿ. ಹನಕೆರೆಯ ಮೂರು ತಲೆಮಾರಿನ ಬಾಣಂತಿಯರಿಗೆ ಎಣ್ಣೆ ತಿಕ್ಕಿ ನೀರು ಹುಯ್ದ ಕೈ ಅದು. ಹೊನ್ನಯ್ಯ, ಚೌಡಯ್ಯ, ಲೈನ್‌ಮನ್ ರವಿಚಂದ್ರ ಎಲ್ಲರೂ ಹುಟ್ಟಿದ ವಾರದಲ್ಲೇ ಆ ಕಾಲುಗಳ ಮೇಲೆ ಮಲಗಿ ಅತ್ತವರು. ಪೆಟ್ಟಿಗೆ ಬಂದದ್ದು ಬಾಣಂತಿ ಕೋಣೆಗೆಂದು ತಿಳಿದಾಗ ಮುದುಕಿ ಎಲೆ ಅಡಿಕೆಯನ್ನು ಉಗಿದು ಬಂದು ಕೂತರು.

"ಬಾಣಂತಿಗೆ ಎಸಿಯೇನ್ಲಾ? ಗಾಳಿ ಸೋಕ್ಬಾರ್ದು ಅಂತ ಕಿವಿಗೆ ಅತ್ತಿ ಮಡಗೋ ಜಾಗದಲ್ಲಿ ಸೀತ ಉಯ್ತೀಯಾ? ನಿನ್ನ ಎತ್ತಾಗ ಆ ಕೋಣೇಲಿ ಮೂರು ತಿಂಗಳು ಅಗ್ಗಿಷ್ಟಿಕೆ ಆರಿಲ್ಲ. ಅದಕ್ಕೇ ನೀನು ಇವತ್ತು ಕಲ್ಲಂಗಿದ್ದೀಯೆ."

"ಬೀಗ್ತಿಗೆ ತೋರ್ಸಕೆ ಮಾತ್ರ ಕಣವ್ವ. ಒಂದು ಗಂಟೆ."

"ನೀನು ಯಾನಾದ್ರೂ ತೋರ್ಸು. ನನ್ ಕೋಣೇಲಿ ನನ್ ಬೆಂಕಿ ಇರ್ತದೆ."

ಹೊನ್ನಯ್ಯ ಈ ಮಾತನ್ನು ಗಮನವಿಟ್ಟು ಕೇಳಬೇಕಾಗಿತ್ತು. ಅವನ ಗಮನವೆಲ್ಲಾ ಐಸಿನ ಮೇಲಿತ್ತು.

ಯಾಕೆಂದರೆ ಶುಕ್ರವಾರ ಬಂದರೂ ಒಳಗಿನ ಪೆಟ್ಟಿಗೆ ಬಂದಿರಲಿಲ್ಲ. ಲಾರಿ ಇನ್ನೂ ಎಲ್ಲೋ ಇತ್ತು. "ಟಬ್ಬಲ್ಲಿ ಐಸು ಮಡಗಿ ಇಂದ್ಗಡೆಯಿಂದ ಫ್ಯಾನ್ ಹಾಕಣ್ಣ, ಒಂದು ಗಂಟೆ ಎಸಿ ತರಾನೇ ಇರ್ತದೆ," ಎಂದು ಅಂಬರೀಶ್ ಉಪಾಯ ಕೊಟ್ಟ. ಮದ್ದೂರಿನಲ್ಲಿ ಹುಡುಕಿದರೆ ಇದ್ದ ಐಸೆಲ್ಲಾ ಮದುವೆ ಮನೆಗೂ ಜ್ಯೂಸಿನ ಅಂಗಡಿಗಳಿಗೂ ಹೋಗಿತ್ತು. ಕೊನೆಗೆ ಒಬ್ಬ ಮೀನಿನವನು ಹೊನ್ನಯ್ಯನ ಮುಖ ನೋಡಿ ಮರುಗಿ, ತನ್ನ ಪೆಟ್ಟಿಗೆಯಿಂದ ಒಂದು ದೊಡ್ಡ ಗಡ್ಡೆಯನ್ನೇ ಎತ್ತಿ ಗೋಣಿಗೆ ತುಂಬಿ ಕೊಟ್ಟ.

ಬಸ್ಸಿನ ಕಂಡಕ್ಟರು ನೀರು ಸುರಿಯುವ ಗೋಣಿಯನ್ನು ನೋಡಿ ಹತ್ತಿಸಲಿಲ್ಲ. ಹೊನ್ನಯ್ಯ ಪ್ಯಾಸೆಂಜರ್ ರೈಲು ಹತ್ತಿದ. ಮದ್ದೂರಿನಿಂದ ಹನಕೆರೆ ಎಷ್ಟು ದೂರ, ಕಣ್ಣು ಮಿಟುಕಿಸುವಷ್ಟರಲ್ಲಿ ಬರುವ ಊರು. ಆದರೆ ರೈಲಿಗೆ ಅಂದೇ ಇನ್ನೊಂದು ರೈಲಿಗೆ ದಾರಿ ಬಿಡುವ ಮನಸ್ಸಾಗಿ, ಬಟ್ಟ ಬಯಲಿನಲ್ಲಿ, ಸುಡುವ ಬಿಸಿಲಲ್ಲಿ ನಿಂತುಬಿಟ್ಟಿತು.

"ಏನಪ್ಪ, ನಿನ್ ಮೂಟೆ ಅಳ್ತಾ ಅದೆ?" ಎಂದಳು ಎದುರು ಕೂತ ಮುದುಕಿ.

"ಐಸು ಕಣಮ್ಮ."

"ವಸಿ ಕಾಲು ಮಡೀಕಳ್ಲಾ?"

ಹೊನ್ನಯ್ಯ ಇಲ್ಲವೆನ್ನಲಾರದೆ ತಲೆಯಾಡಿಸಿದ. ಮುದುಕಿ ಎರಡೂ ಪಾದಗಳನ್ನು ಗೋಣಿಯ ಮೇಲಿಟ್ಟು, ಹಾ, ಎಂದು ಕಣ್ಣು ಮುಚ್ಚಿದಳು. ಅದನ್ನು ಕಂಡು ಪಕ್ಕದವನು ಕೈಯಿಟ್ಟ. ಆಮೇಲೆ ಇಡೀ ಡಬ್ಬಿಯ ಜನ ಸರದಿಯಲ್ಲಿ ಬಂದು ಗೋಣಿಯನ್ನು ಮುಟ್ಟಿ ಮುಖಕ್ಕೆ ಒತ್ತಿಕೊಂಡು ಹೋದರು. ಒಬ್ಬ ತನ್ನ ಬೋಳು ತಲೆಯನ್ನೇ ತಂದು ಇಟ್ಟ. ಮದ್ದೂರಿನಲ್ಲಿ ಕರುವಿನಷ್ಟಿದ್ದ ಗಡ್ಡೆ ಹನಕೆರೆಯಲ್ಲಿ ಇಳಿಯುವಾಗ ಆಡಿನ ಮರಿಯಷ್ಟಾಗಿತ್ತು.

ಮನೆಯಲ್ಲಿ ಮಲ್ಲಿಗಮ್ಮ ಎಲ್ಲವನ್ನೂ ಸಜ್ಜು ಮಾಡಿದ್ದಳು. ಡೈರಿಯ ಹಳೇ ಥರ್ಮೋಕೋಲ್ ಡಬ್ಬವೊಂದನ್ನು ಗೋಡೆಗೆ ಹೊಡೆದು, ಮೇಲೆ ರೇಷ್ಮೆ ವಲ್ಲಿ ಮುಚ್ಚಿ, ಚೆಂಡುಹೂವಿನ ಹಾರ ಹಾಕಿದ್ದಾಯಿತು. ಪೂಜೆಯಾದ ಎಸಿಯ ಮೇಲಿನ ವಲ್ಲಿಯನ್ನು ಎತ್ತಿ ನೋಡುವಷ್ಟು ನಾಸ್ತಿಕರು ಬೀಗತಿಯಲ್ಲ ಎಂಬುದು ಅವಳ ಲೆಕ್ಕ. ಐಸಿನ ಟಬ್ಬು ಮಂಚದ ಕೆಳಗೆ ಹೋಯಿತು. ಅದರ ಹಿಂದೆ ಟೇಬಲ್ ಫ್ಯಾನು, ಮುಂದೆ ನೆಲದವರೆಗೆ ಇಳಿಬಿದ್ದ ದುಪ್ಪಟಿ. ಹೊನ್ನಯ್ಯ ಕೈಯಲ್ಲಿ ಟಿವಿಯ ರಿಮೋಟು ಹಿಡಿದು ಬಾಗಿಲಲ್ಲಿ ನಿಂತ.

ಶಶಿರೇಖಾ ಬಸ್ ನಿಲ್ದಾಣದಿಂದ ಆಟೋದಲ್ಲಿ ಬಂದಿಳಿದರು. ಇಳಿಯುವಾಗ ಮಂಡಿ ಹಿಡಿದುಕೊಂಡು ಸ್ವಲ್ಪ ಕುಂಟಿದರು. ಮೊದಲು ಬೀದಿಯಲ್ಲೇ ನಿಂತು ತಲೆಯೆತ್ತಿ ಬಿಳೀ ಪೆಟ್ಟಿಗೆಯನ್ನು ನೋಡಿದರು. ಅದರ ಕೆಳಗೆ ಮಂಚದ ಮೇಲೆ ಮಲಗಿದ್ದ ಚೌಡಯ್ಯ ಎದ್ದು ಕೂತು, "ಭಾರೀ ಎಸಿ ಕಣಮ್ಮ. ಊರಿನ ಕರೆಂಟೆಲ್ಲಾ ಇದಕ್ಕೇ," ಎಂದು ಕೇಳದೆಯೇ ಸಾಕ್ಷಿ ಹೇಳಿದ. ಶಶಿರೇಖಾ ಮೆಚ್ಚಿ ತಲೆದೂಗಿ ಒಳಗೆ ಬಂದರು.

ಕೋಣೆಯ ಬಾಗಿಲು ತೆರೆದ ಹೊನ್ನಯ್ಯನ ಕೈಯಿಂದ ರಿಮೋಟು ಜಾರುವುದರಲ್ಲಿತ್ತು. ಎಡಗಡೆ ಮಂಚದ ಕೆಳಗಿನಿಂದ ತಣ್ಣನೆ ಗಾಳಿ ಬರುತ್ತಿತ್ತು, ಸರಿ. ಬಲಗಡೆ ಮೂಲೆಯಲ್ಲಿ ಚಿಕ್ಕಬೋರಮ್ಮ ಅಗ್ಗಿಷ್ಟಿಕೆಯಲ್ಲಿ ಕೆಂಡ ತುಂಬಿ, ಸಾಂಬ್ರಾಣಿ ಉದುರಿಸುತ್ತಾ ಕೂತಿದ್ದರು.

ಶಶಿರೇಖಾ ನಡುವೆ ನಿಂತರು. ಅವರ ಎಡಗೈಯ ರೋಮ ನಿಮಿರಿತ್ತು, ಬಲಗೆನ್ನೆ ಬೆವರಿತ್ತು.

"ಇದ್ಯಾವ ಮಾದರಿ ಬೀಗ್ರೇ? ಈ ಕಡೆ ತಣ್ಣಗೆ, ಆ ಕಡೆ ಬಿಸಿ."

"ಎರಡೂ ಬತ್ತದೆ ಮೇಡಮ್ಮೋರೆ. ಹೊಸ ನಮೂನೆ."

"ಹೊಗೆ?"

"ಸೊಳ್ಳೆಗೆ."

"ಇದೇನೋ ಮೀನಿನ ವಾಸನೆ ಬಂದ ಹಾಗಿದೆಯಲ್ಲ?"

"ಹೊಸಾ ಗ್ಯಾಸು. ಶುರೂನಲ್ಲಿ ಅಂಗೇ ಬತ್ತದಂತೆ," ಎಂದಳು ಹಿಂದಿನಿಂದ ಮಲ್ಲಿಗಮ್ಮ. ಕಷ್ಟಕಾಲದಲ್ಲಿ ಕೈ ಹಿಡಿದವಳೇ ಹೆಂಡತಿ.

ಆ ವಾಸನೆಯ ಬಗ್ಗೆ ಬೀಗತಿಗಿಂತ ಮೊದಲೇ ವಿಚಾರಿಸಲು ಬಂದವರು ಬೇರೆ ಇದ್ದರು. ಕಿಟಕಿಯ ಹೊರಗೆ ಬೀದಿಯ ಬೆಕ್ಕುಗಳೆಲ್ಲಾ ಸಾಲಾಗಿ ಕೂತು ಒಳಗೇ ದೃಷ್ಟಿ ಇಟ್ಟಿದ್ದವು. ಹೊನ್ನಯ್ಯ ಅವನ್ನು ನೋಡಿ ಕಿಟಕಿಗೆ ಬೆನ್ನು ಕೊಟ್ಟು ನಿಂತ. ಅಷ್ಟರಲ್ಲಿ ಮಂಚದ ಕೆಳಗಿನಿಂದ ನೀರಿನ ಸಣ್ಣ ಕಾಲುವೆಯೊಂದು ಹರಿದು ಬಂದು ಎಲ್ಲರ ಕಾಲು ತೋಯಿಸಿತು.

"ನಿನ್ ಎಸಿ ಉಚ್ಚೆ ಉಯ್ಕಂಡದೆ ಕಣ್ಲಾ ಮಗ," ಎಂದರು ಚಿಕ್ಕಬೋರಮ್ಮ.

ಹೊನ್ನಯ್ಯ ಕುಲದೇವರನ್ನು ನೆನೆದ. ದೇವರು ತಕ್ಷಣ ಓಗೊಟ್ಟ. "ನಮ್ಮನೇದೂ ಹೀಗೇ ಸೋರುತ್ತೆ ಬಿಡಿ ಅಜ್ಜಿ," ಎಂದ ಶಶಿರೇಖಾರ ಮುಖ ಸಡಿಲಾಯಿತು. ಸೋರದ ಎಸಿಯನ್ನು ಅವರು ನಂಬುತ್ತಿರಲಿಲ್ಲವೋ ಏನೋ, ಈಗ ಅವರಿಗೆ ಪೂರಾ ನಂಬಿಕೆ ಬಂದಂತಿತ್ತು. ಅದೇ ಗಳಿಗೆಗೆ ಕರೆಂಟು ಹೋಗಿ ಮಂಚದ ಕೆಳಗಿನ ಫ್ಯಾನು ನಿಂತಿತು. ಹೊನ್ನಯ್ಯನ ಉಸಿರೂ ನಿಲ್ಲುವುದರಲ್ಲಿತ್ತು. ಆಗ ಬೀದಿಯಿಂದ ಚೌಡಯ್ಯನ ಕೂಗು ಕೇಳಿಸಿತು.

"ಒನ್ನಣ್ಣ, ಎಸಿ ಹಾಕ್ದಾ? ಕರೆಂಟು ಓಯ್ತು ನೋಡು."

ಚೌಡಯ್ಯನ ಮೇಲೆ ಹೊನ್ನಯ್ಯನಿಗೆ ಜನ್ಮದಲ್ಲೇ ಇಷ್ಟು ಪ್ರೀತಿ ಉಕ್ಕಿರಲಿಲ್ಲ. ಶಶಿರೇಖಾ ನಕ್ಕೇಬಿಟ್ಟರು.

"ಆಯ್ತು ಬೀಗ್ರೇ, ಸಮಾಧಾನ ಆಯ್ತು. ಬರೋ ಸೋಮವಾರ ಶ್ವೇತನ್ನ..."

ಮಾತು ಅಲ್ಲಿಗೆ ಬಂದಾಗ ದುಪ್ಪಟಿ ಅಲುಗಿತು. ಹಿತ್ತಿಲ ಬಾಗಿಲಿನಿಂದ ಯಾವಾಗಲೋ ಒಳಹೊಕ್ಕ ಒಂದು ಕಂದು ಬೆಕ್ಕು ಮಂಚದ ಕೆಳಗಿನಿಂದ ಹೊರಬಂತು. ಅದರ ಬಾಯಲ್ಲಿ, ಗಡ್ಡೆಯೊಳಗೆ ಯಾರ ಕಣ್ಣಿಗೂ ಬೀಳದೆ ಅಡಗಿದ್ದ ಒಂದು ಮೀನಿತ್ತು. ಬೆಕ್ಕು ಯಾವ ಆತುರವೂ ಇಲ್ಲದೆ ಬೀಗತಿಯ ಪಾದಗಳನ್ನು ಬಳಸಿಕೊಂಡು ಬಾಗಿಲು ದಾಟಿ ಹೋಯಿತು.

ಎಸಿಯಿಂದ ಮೀನು ಬರುವುದಕ್ಕೆ ಮಲ್ಲಿಗಮ್ಮನ ಬಳಿಯೂ ಕಾರಣವಿರಲಿಲ್ಲ.

ಶಶಿರೇಖಾ ಬಗ್ಗಿ ದುಪ್ಪಟಿ ಎತ್ತಿದರು. ಟಬ್ಬು, ಫ್ಯಾನು, ಗೋಣಿ ಎಲ್ಲಾ ಕಂಡವು. ಮೇಲೇಳಲು ಹೋದರು, ಆಗಲಿಲ್ಲ. ಮಂಡಿ ಹಿಡಿದುಕೊಂಡಿತ್ತು. ಅಮ್ಮಾ ಎಂದು ಅಲ್ಲೇ ಕುಸಿದು ಕೂತರು.

ಹೊನ್ನಯ್ಯನೂ ಅವರೆದುರು ಒದ್ದೆ ನೆಲದ ಮೇಲೆ ಕೂತ. ರಿಮೋಟನ್ನು ಪಕ್ಕಕ್ಕಿಟ್ಟ.

"ಸುಳ್ಳು ಮೇಡಮ್ಮೋರೆ. ಎಸಿ ಇಲ್ಲ. ಆಚೆ ಪೆಟ್ಗೆ ಬರೀ ಪೆಟ್ಗೆ, ಒಳಗಡೇದು ನಮ್ ಡೈರಿ ಡಬ್ಬ. ಮಗಳು ಮದ್ವೆ ಆಗಿ ಓದ್ಮ್ಯಾಕೆ ಈ ಮನೇಲಿ ನೆಟ್ಟಗೆ ಒಂದು ರಾತ್ರಿ ಮಲಗಿಲ್ಲ. ಬಾಣಂತನಕ್ಕಾದ್ರೂ ಬತ್ತಾಳೆ ಅಂತ ನಾವಿಬ್ರೂ ಕಾಯ್ಕಂಡಿದ್ದೋ. ಅದೂ ತಪ್ಪೋಯ್ತದಲ್ಲ ಅಂತ ಒಟ್ಟೆ ಉರ್ದು ಅಂದ್ಬುಟ್ಟೆ. ನನ್ ಮಗಳಿಲ್ದೆ ಈ ಮನೆ ಮನೆ ತರ ಇಲ್ಲ."

ಮಲ್ಲಿಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಶಶಿರೇಖಾ ಉತ್ತರ ಕೊಡಲು ಬಾಯಿ ತೆರೆದರು. ಆದರೆ ಅವರ ಮಂಡಿ ಆಗಲೇ ಚಿಕ್ಕಬೋರಮ್ಮನ ಕೈಯಲ್ಲಿತ್ತು.

"ಇದು ಯಾವಾಗಿಂದ ಮಗ?" ಎಂದರು ಮುದುಕಿ, ಚಿಪ್ಪಿನ ಸುತ್ತ ಹೆಬ್ಬೆರಳು ಒತ್ತುತ್ತಾ.

"ಎಸಿ ಹಾಕ್ಸಿದಾಗಿಂದ ಅಜ್ಜಿ," ಎಂದುಬಿಟ್ಟರು ಶಶಿರೇಖಾ. ಅಂದ ಮೇಲೆ ಏನಂದೆನೆಂದು ತಿಳಿದು ಬಾಗಿಲ ಕಡೆ ನೋಡಿದರು. "ಶ್ವೇತಂಗೆ ಸೆಕೆ ಆಗುತ್ತೆ ಅಂತ ಇಡೀ ರಾತ್ರಿ ಹಾಕಿರ್ತೀವಿ. ನಂಗೆ ನಿದ್ದೆ ಬಂದು ತಿಂಗಳಾಯ್ತು. ಮಂಡಿ ಕಿತ್ತು ಬರುತ್ತೆ."

"ನೀರು ಕಾದದೆ. ಏಳು."

"ಈ ಸೆಕೇಲಿ ಬಿಸಿನೀರಾ?"

"ಏಳು ಅಂದೆ."

ಚಿಕ್ಕಬೋರಮ್ಮ ಏಳು ಅಂದ ಮೇಲೆ ಏಳದವರು ಹನಕೆರೆಯಲ್ಲಿಲ್ಲ. ಮಳವಳ್ಳಿಯವರಿಗೂ ಅದು ಸಾಧ್ಯವಾಗಲಿಲ್ಲ. ಬಚ್ಚಲ ಬಾಗಿಲು ಮುಚ್ಚಿತು. ಹೊನ್ನಯ್ಯ ಜಗಲಿಗೆ ಬಂದು ಪೆಟ್ಟಿಗೆಯ ಕೆಳಗೆ ಕೂತ. ಒಳಗಿನಿಂದ ಮೊದಲು, ಅಯ್ಯಯ್ಯೋ, ಬಿಡಿ ಅಜ್ಜಿ, ಎಂಬ ಕೂಗು ಬಂತು. ಸ್ವಲ್ಪ ಹೊತ್ತಿನ ಮೇಲೆ, ಹಾ, ಅಲ್ಲೇ, ಇನ್ನೊಂದು ಸಲ, ಎಂಬ ದನಿ ಬಂತು.

"ಎಸಿ ಎಂಗದಂತೆ ಬೀಗ್ತಿಗೆ?" ಎಂದು ಚೌಡಯ್ಯ ಕೇಳಿದ.

"ಸುಮ್ಕಿರ್ಲಾ. ನೀರು ಉಯ್ಯಿಸ್ಕತಾವ್ರೆ."

ತಲೆಗೆ ಬಟ್ಟೆ ಕಟ್ಟಿಸಿಕೊಂಡು, ಕಿವಿಗೆ ಹತ್ತಿ ಇಡಿಸಿಕೊಂಡು, ಅಗ್ಗಿಷ್ಟಿಕೆಯ ಪಕ್ಕ ಚಾಪೆಯ ಮೇಲೆ ಮಲಗಿದ ಶಶಿರೇಖಾ ಸಂಜೆಯವರೆಗೆ ಏಳಲಿಲ್ಲ. ಅವರ ಗೊರಕೆಗೆ ಕಿಟಕಿಯ ಬೆಕ್ಕುಗಳು ಒಂದೊಂದಾಗಿ ಎದ್ದು ಹೋದವು. ಎದ್ದವರು ಮೆಣಸಿನ ಸಾರಿನಲ್ಲಿ ಬಿಸಿ ಮುದ್ದೆ ನುಂಗಿ, ಬೆವರೊರೆಸಿಕೊಂಡು, ಯಾರಿಗೂ ಏನೂ ಹೇಳದೆ ಸೊಸೆಗೆ ಫೋನು ಮಾಡಿ ಎಲ್ಲರಿಗೂ ಕೇಳುವಂತೆ ಹಿಡಿದರು.

"ಶ್ವೇತಾ, ನಿಜ ಹೇಳು. ನಿಂಗೆ ಎಸಿ ಬೇಕೋ, ನಿಮ್ಮಜ್ಜಿ ಬೇಕೋ?"

ಆ ಕಡೆಯಿಂದ ಹುಡುಗಿ ಹೆದರಿ ಹೆದರಿ ಹೇಳಿದಳು. "ಬೇಜಾರ್ ಮಾಡ್ಕೋಬೇಡಿ ಅತ್ತೆ. ನಾನು ರಾತ್ರಿ ಸ್ವೆಟರ್ ಹಾಕ್ಕೊಂಡು ಮಲಗ್ತೀನಿ. ನೀವು ಪ್ರೀತಿಯಿಂದ ಹಾಕ್ತೀರಲ್ಲ, ಅದಕ್ಕೇ ಬಾಯಿ ಬಿಡಲಿಲ್ಲ. ನಂಗೆ ಅಜ್ಜಿ ಕೈಲಿ ನೀರು ಉಯ್ಯಿಸ್ಕೋಬೇಕು ಅಂತಾನೇ ಆಸೆ."

"ನಿಂಗೂ ಬೇಡ, ನಂಗೂ ಬೇಡ. ಹಾಗಾದ್ರೆ ಆ ಎಸಿ ಇಷ್ಟು ದಿನ ಯಾರಿಗೆ ಅಂತ ಓಡ್ತಿತ್ತು?" ಎಂದು ಶಶಿರೇಖಾ ಕೇಳಿದರು. ಇಡೀ ತರಗತಿಯಲ್ಲಿ ಯಾರೂ ಕೈ ಎತ್ತಲಿಲ್ಲ.

ಸೋಮವಾರ ಶ್ವೇತ ಬಂದಳು. ಜಗಲಿಯಲ್ಲಿ ಆರತಿ ಎತ್ತುವಾಗ ಹೊನ್ನಯ್ಯನಿಗೆ ಕಣ್ಣು ತುಂಬಿ ಮಗಳ ಮುಖ ಸರಿಯಾಗಿ ಕಾಣಲಿಲ್ಲ. ಬಿಸಿಲು ಇನ್ನೂ ಬೆಂಕಿ ಸುರಿಯುತ್ತಿದ್ದಾಗಲೇ ಮಂಡ್ಯದ ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿತು. ಮಗುವನ್ನು ನೋಡಲು ಬಂದ ಶಶಿರೇಖಾ ಒಂದು ದೊಡ್ಡ ಚೀಲವನ್ನೂ ತಂದಿದ್ದರು. ಮಂಡಿ ಪೂರಾ ವಾಸಿಯಾಗುವವರೆಗೆ ಇರುವಂತೆ ಅಜ್ಜಿಯ ಅಪ್ಪಣೆಯಾಗಿದೆ ಎಂದರು. ಕೋಣೆಯ ಕಿಟಕಿ ಮುಚ್ಚಿತು, ಅಗ್ಗಿಷ್ಟಿಕೆ ಹೊತ್ತಿತು, ಫ್ಯಾನಿನ ಸ್ವಿಚ್ಚಿಗೆ ಮುದುಕಿ ಬಟ್ಟೆ ಸುತ್ತಿ ಕಟ್ಟಿದರು.

ಇಷ್ಟೆಲ್ಲಾ ಆದ ಮೇಲೆ ಒಂದು ಮಧ್ಯಾಹ್ನ ಅಂಬರೀಶ್ ಒಳಗಿನ ಪೆಟ್ಟಿಗೆಯನ್ನು ಹೊತ್ತು ಬೆವರುತ್ತಾ ಬಂದ.

"ಲಾರಿ ಸಿಕ್ತು ಕಣಣ್ಣ. ಬಾಣಂತಿ ಕೋಣೆಗೆ ಬ್ಯಾಡ ಅಂದ್ರೆ ನಡುಮನೆಗೆ ಹಾಕ್ತೀನಿ. ನೀನಾದ್ರೂ ತಣ್ಣಗೆ ಮಲಿಕ್ಕೊ."

ಹೊನ್ನಯ್ಯನ ಮುಖ ಅರಳಿತು. ಸುಳ್ಳು ಕೊನೆಗೂ ನಿಜವಾಗುವುದರಲ್ಲಿತ್ತು. ಚೌಡಯ್ಯ ಮಂಚದಿಂದೆದ್ದು ತಾನೇ ಏಣಿ ಹಿಡಿದ. ಅಂಬರೀಶ್ ಹತ್ತಿ ಪೆಟ್ಟಿಗೆಯ ಹಿಂದೆ ಕೈ ಹಾಕಿದವನು ತಟ್ಟನೆ ಹಿಂದೆಗೆದ. ಪೆಟ್ಟಿಗೆಗೂ ಗೋಡೆಗೂ ನಡುವಿನ ಸಂದಿಯಲ್ಲಿ, ಹುಲ್ಲಿನ ಮೆತ್ತೆಯ ಮೇಲೆ, ಕಣ್ಣು ಬಿಡದ ಮರಿಗಳನ್ನು ರೆಕ್ಕೆಯಡಿ ಮುಚ್ಚಿಕೊಂಡು ಗುಬ್ಬಿಯೊಂದು ಕೂತಿತ್ತು.

"ಗುಬ್ಬಿ ಮರಿ ಮಾಡ್ಯದೆ ಕಣಣ್ಣ. ತೆಗ್ದು ಆ ಮರದ ಮೇಲೆ ಮಡಗ್ಲಾ?"

ಒಳಗಿನಿಂದ ಚಿಕ್ಕಬೋರಮ್ಮ ಎಣ್ಣೆಗೈಯಲ್ಲೇ ಹೊರಗೆ ಬಂದರು. ಬಾಗಿದ ಬೆನ್ನನ್ನು ಸಾಧ್ಯವಾದಷ್ಟು ನೇರ ಮಾಡಿ ಮೇಲೆ ನೋಡಿದರು.

"ಕೆಳಗಿಳಿಲಾ. ಅದೂ ಬಾಣಂತಿ. ಗಾಳಿ ಸೋಕ್ಬಾರ್ದು."

ಅಂಬರೀಶ್ ಇಳಿದ. ಚೌಡಯ್ಯ ಏಣಿಯನ್ನು ಹಿತ್ತಿಲಿಗೆ ಒಯ್ದ. ಒಳಗಿನ ಪೆಟ್ಟಿಗೆ ಅಟ್ಟಕ್ಕೆ, ತೊಟ್ಟಿಲು ಇಳಿದ ಜಾಗಕ್ಕೆ ಏರಿತು. ಅಂದು ಸಂಜೆ ಕರೆಂಟು ಹೋದಾಗ ಬೀದಿಯ ಹೆಂಗಸೊಬ್ಬಳು ಎಂದಿನಂತೆ ಹೊನ್ನಯ್ಯನ ಎಸಿಗೆ ಶಾಪ ಹಾಕಿದಳು. ಹನಕೆರೆಯ ಬೀದಿಗೆ ಎಸಿ ತಂದ ಮಹಾನುಭಾವ ಅದನ್ನು ಕೇಳುತ್ತಾ, ಒದ್ದೆ ಟವಲು ಹೊದ್ದು, ಜಗಲಿಯ ಮೇಲೆ ಚೌಡಯ್ಯನ ಪಕ್ಕ ಮಲಗಿದ್ದ. ಅವನ ಮನೆಯಲ್ಲಿ ಈಗ ಮಗಳದೊಂದು, ಬೀಗತಿಯದೊಂದು, ಗುಬ್ಬಿಯದೊಂದು, ಹೀಗೆ ಮೂರು ಬಾಣಂತನ ನಡೆಯುತ್ತಿದ್ದವು. ಒಳಗೆ ಮಗು ಒಮ್ಮೆ ಅತ್ತಿತು, ಮೇಲೆ ಗುಬ್ಬಿ ಒಮ್ಮೆ ಚಿಲಿಪಿಲಿಗುಟ್ಟಿತು. ಹೊನ್ನಯ್ಯ ಬೆವರೊರೆಸಿಕೊಂಡು, ಇಬ್ಬರಿಗೂ ಕೇಳದಂತೆ ಮಗ್ಗುಲು ಬದಲಿಸಿದ.